ಬಚ್ಚಲ ನೀರಿಗೆ ಒಡೆಯರಾರು?

‘ನಿಂತ ನೀರಿನಲ್ಲಿ ಸೊಳ್ಳೆಗಳು ಮೊಟ್ಟೆಯಿಡುತ್ತವೆ.’ ಈ ವಾಕ್ಯವನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಅದನ್ನು ದುಂಡಗಿನ ಅಕ್ಷರಗಳಲ್ಲಿ ಬರೆದುಕೊಂಡರು. ನಾನು ಕೆಂಪು ಮಸಿಯಲ್ಲಿ ಸಹಿ ಹಾಕಿದೆ. ಅದೇ ಸಂಜೆ ಮನೆಯಲ್ಲಿ ನಾನು ಕೈಕಾಲು ತೊಳೆದ ನೀರು ಗೋಡೆಯ ತೂತಿನಿಂದ ಹೊರಬಿದ್ದು ಎಲ್ಲಿಗೆ ಹೋಯಿತೆಂದು ಒಂದು ದಿನವೂ ಬಗ್ಗಿ ನೋಡಲಿಲ್ಲ.

ನೋಡುವಂತೆ ಮಾಡಿದವರು ಠಾಣಾ ಕುಶನೂರಿನ ನಮ್ಮ ಓಣಿಯ ಇಳಿಜಾರಿನ ಕಟ್ಟಕಡೆಯ ಮನೆಯ ಅಜ್ಜಿ. “ಮಾಸ್ತರೇ, ನೀವು ಮ್ಯಾಲಿನವರು. ನಿಮ್ಮ ಬಚ್ಚಲ ನೀರು ನಮ್ಮ ಹೊಸ್ತಿಲ ಮುಂದ ಬಂದು ನಿಂದರ್ತದ್ರಿ. ಅದರ ಬಾಜೂಕೇ ಕುಂತು ನಾವು ರೊಟ್ಟಿ ತಿಂತೀವಿ” ಎಂದರು. ‘ಮೇಲಿನವರು’ ಎಂಬ ಮಾತಿಗೆ ಎಷ್ಟು ಅರ್ಥಗಳಿವೆಯೆಂಬುದು ಭಾಷೆ ಕಲಿಸಿದ ನನಗೆ ಅಂದು ತಿಳಿಯಿತು.

ಗಟಾರ ನಾರಿದರೆ ನಾವು ಮಾಡುವುದೇನು? ಫಿನಾಯಿಲ್ ಸುರಿಯುತ್ತೇವೆ, ಬ್ಲೀಚಿಂಗ್ ಪುಡಿ ಎರಚುತ್ತೇವೆ. ಎರಡು ದಿನ ವಾಸನೆ ಅಡಗುತ್ತದೆ, ಮೂರನೆಯ ದಿನ ಮರಳುತ್ತದೆ. ಕಾರಣ ಸರಳ. ಅನ್ನದ ಅಗುಳು, ಎಣ್ಣೆಯ ಜಿಡ್ಡು, ಸಾಬೂನಿನ ಕೆಸರು ತಳದಲ್ಲಿ ಕೂಡುತ್ತವೆ. ನೀರು ನಿಂತಲ್ಲಿ ಗಾಳಿಯ ಆಮ್ಲಜನಕ ತಳ ಮುಟ್ಟುವುದಿಲ್ಲ. ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಾಣುಗಳು ಆ ಕೆಸರನ್ನು ಕೊಳೆಸಿ ಹೈಡ್ರೋಜನ್ ಸಲ್ಫೈಡ್ ಎಂಬ, ಕೊಳೆತ ಮೊಟ್ಟೆಯ ನಾತದ ಅನಿಲವನ್ನು ಬಿಡುತ್ತವೆ. ಕೆಸರು ಇರುವತನಕ ನಾತವೂ ಇರುತ್ತದೆ.

ನಾತವಷ್ಟೇ ಆಗಿದ್ದರೆ ಮೂಗು ಮುಚ್ಚಿಕೊಳ್ಳಬಹುದಿತ್ತು. ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ತಿಳಿನೀರು ಬೇಕು. ಆದರೆ ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಇಂಥ ಕೊಳಚೆಯೇ ತೊಟ್ಟಿಲು. ನಮ್ಮ ಬೀದರ ಜಿಲ್ಲೆ ಆ ರೋಗದ ಪಟ್ಟಿಯಲ್ಲಿ ಬಹುಕಾಲದಿಂದ ಹೆಸರು ಪಡೆದದ್ದು. ಇಂಥ ಜಿಲ್ಲೆಗಳಲ್ಲಿ ಮನೆಮನೆಗೆ ಡಿಇಸಿ ಮಾತ್ರೆ ನುಂಗಿಸುವ ಕಾರ್ಯಕ್ರಮ 2004ರಲ್ಲಿ ದೇಶದಲ್ಲಿ ಆರಂಭವಾಯಿತು. ಒಂದು ಕೈಯಲ್ಲಿ ಮಾತ್ರೆ ನುಂಗುತ್ತ ಇನ್ನೊಂದು ಕೈಯಲ್ಲಿ ಸೊಳ್ಳೆ ಸಾಕುವ ನಮ್ಮ ಜಾಣತನಕ್ಕೆ ಏನೆನ್ನಬೇಕು?

ನೀರು ಈಗ ಹೆಚ್ಚಿದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರನ್ನು ಮನೆಬಾಗಿಲಿಗೆ ತರಬೇಕೆನ್ನುತ್ತದೆ. ಐವರ ಸಂಸಾರಕ್ಕೆ 275 ಲೀಟರ್. ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು, ಅಂದರೆ ಸುಮಾರು 200 ಲೀಟರ್, ಹೊಲಸಾಗಿ ಹೊರಬರುತ್ತದೆ. ನಲ್ಲಿಗಾಗಿ ಜಗಳವಾಡಿದ ನಾವು ಬಚ್ಚಲಿಗಾಗಿ ಎಂದಾದರೂ ಸಭೆ ಸೇರಿದ್ದೇವೆಯೇ?

“ಸಿಮೆಂಟಿನ ಗಟಾರ ಕಟ್ಟಿದರಾಯಿತು” ಎನ್ನುವವರಿದ್ದಾರೆ. ಇಳಿಜಾರಿಲ್ಲದ ಸಿಮೆಂಟಿನ ಗಟಾರವೆಂದರೆ ಉದ್ದನೆಯ ಕೊಳಚೆ ಹೊಂಡವೇ ಸರಿ. ಇದೇ ಬೀದರಿನ ನೌಬಾದಿನಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ನೆಲದೊಳಗೆ ಸುರಂಗ ತೋಡಿ, ಹದವಾದ ಇಳಿಜಾರು ಕೊಟ್ಟು, ಮೈಲಿಗೂ ಮಿಕ್ಕಿ ಕುಡಿಯುವ ನೀರನ್ನು ಹರಿಸಿದ್ದರು. ಆ ಕರೇಜನ್ನು ನೋಡಲು ಇಂದು ಪರದೇಶದವರು ಬರುತ್ತಾರೆ. ನಮಗೋ ನಲವತ್ತು ಅಡಿಯ ಇಳಿಜಾರೂ ಭಾರ.

ಇನ್ನು, ತುಂಬಿದ ಗಟಾರ ಬಳಿಯುವವರು ಯಾರು? ತಲತಲಾಂತರದಿಂದ ಯಾರ ಕೈಗೆ ಆ ಕೆಲಸವನ್ನು ಹಚ್ಚಿದ್ದೇವೋ ಅವರೇ. ಪಾಯಖಾನೆಯ ಮಲ ಹರಿಯುವ ಗಟಾರವನ್ನು ಕೈಯಿಂದ ಬಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಬಚ್ಚಲ ನೀರೆಂದು ಹೇಳಿ ಅದರಲ್ಲಿ ಏನೇನು ಬಿಟ್ಟಿದ್ದೇವೆಂಬುದು ನಮ್ಮ ಆತ್ಮಸಾಕ್ಷಿಗೆ ಗೊತ್ತು. ತನ್ನ ಮನೆಯ ಕೆಸರನ್ನು ತಾನೇ ಎತ್ತಲು ಹೇಸುವವನು ಕಾಯಕದ ಕುರಿತು ಭಾಷಣ ಮಾಡಬಾರದು. ಬಸವಕಲ್ಯಾಣವಿರುವ ಜಿಲ್ಲೆಯವರು ನಾವು. ನಾನೂ ಅಂಥ ಭಾಷಣಗಳನ್ನು ಮಾಡಿದವನೇ.

ದಾರಿ ದೂರವಿಲ್ಲ. ನೆರೆಯ ನಾಂದೇಡ ಜಿಲ್ಲೆಯ ಟೆಂಭುರ್ಣಿ ಗ್ರಾಮದವರು ಮನೆಗೊಂದು ಇಂಗುಗುಂಡಿ ತೋಡಿ, ತೆರೆದ ಗಟಾರಗಳ ಗೊಡವೆಯನ್ನೇ ಬಿಟ್ಟರು. ನಾಲ್ಕಡಿ ಆಚೀಚಿನ ಗುಂಡಿ, ನಡುವೆ ತೂತುಗಳುಳ್ಳ ಸಿಮೆಂಟ್ ತೊಟ್ಟಿ, ಸುತ್ತಲೂ ಕಲ್ಲು: ಇಷ್ಟೇ ವಿದ್ಯೆ. ಸೊಳ್ಳೆಯಿಲ್ಲದ ಊರೆಂದು ಅದು ಹೆಸರಾಯಿತು.

“ನಮ್ಮದು ಕರಿಮಣ್ಣು, ನೀರು ಇಂಗುವುದಿಲ್ಲ” ಎಂಬ ಆಕ್ಷೇಪ ನಿಜವಾದದ್ದು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಂತೆ ಔರಾದ ಸೀಮೆಯ ಎರೆಮಣ್ಣು ನೀರು ಕುಡಿಯದು. ನನ್ನ ಮೊದಲ ಗುಂಡಿ ಮೊದಲ ಮಳೆಗಾಲಕ್ಕೇ ತುಂಬಿ ಉಕ್ಕಿತು, ಓಣಿಯವರು ನಕ್ಕರು. ಮರುವರ್ಷ ಎರೆಯನ್ನು ದಾಟಿ ಮೊರಂ ಸಿಗುವತನಕ ತೋಡಿಸಿದೆ. ಮುಂದೆ ಒಂದು ಸಣ್ಣ ತೊಟ್ಟಿ ಕಟ್ಟಿ ಜಿಡ್ಡು, ಕೆಸರು ಅಲ್ಲೇ ನಿಲ್ಲುವಂತೆ ಮಾಡಿದೆ. ಪಕ್ಕದಲ್ಲಿ ಬಾಳೆ, ಕೆಸುವು ಹಚ್ಚಿದೆ. ಪಾಯಖಾನೆಯ ನೀರನ್ನು ಅದಕ್ಕೆ ಬಿಡಲಿಲ್ಲ, ಬಾವಿಯಿಂದಲೂ ದೂರವಿಟ್ಟೆ. ವಾರಕ್ಕೊಮ್ಮೆ ಆ ತೊಟ್ಟಿಯ ಕೆಸರನ್ನು ನಾನೇ ಎತ್ತುತ್ತೇನೆ. ಮೊದಲ ದಿನ ಹೊಟ್ಟೆ ತೊಳಸಿತು, ಈಗ ರೂಢಿಯಾಗಿದೆ.

ಆದರೆ ಅಜ್ಜಿಯ ಹೊಸ್ತಿಲ ಮುಂದೆ ಇಂದಿಗೂ ನೀರು ನಿಂತಿದೆ. ನನ್ನ ಮನೆಯದು ನಿಂತಿತು, ಉಳಿದ ಮನೆಗಳದು ನಿಂತಿಲ್ಲ. ಆ ಮನೆಗಳ ಯಜಮಾನರಲ್ಲಿ ಹಲವರು ನನ್ನ ವಿದ್ಯಾರ್ಥಿಗಳು. ಸೊಳ್ಳೆಯ ವಾಕ್ಯವನ್ನು ಬರೆದು ನನ್ನಿಂದಲೇ ಸಹಿ ಪಡೆದವರು. ಅಂದು ನಾನು ಹಾಕಿದ್ದು ತಪ್ಪು ಸಹಿ. ಅಕ್ಷರ ನೋಡಿದೆ, ಅಂಗಳ ನೋಡಲಿಲ್ಲ. ಈಗ ಪ್ರತಿ ಮನೆಯ ಬಾಗಿಲಿಗೂ ಹೋಗಿ ಗುದ್ದಲಿ ಹಿಡಿಯಿರೆಂದು ಕೇಳುತ್ತಿದ್ದೇನೆ. ಗುರುದಕ್ಷಿಣೆಯೆಂದಾದರೂ ತಿಳಿಯಲಿ, ಮುದುಕನ ಹಟವೆಂದಾದರೂ ತಿಳಿಯಲಿ.