ಡಬ್ಬಿಯ ಮೇಲೆ ತಾರೀಖು ಬರೆದಿದ್ದೀರಾ?

ಸೀಗೆಪುಡಿ ಎಷ್ಟು ದಿನ ಇಡಬಹುದು, ಕಡಲೆಹಿಟ್ಟಿಗೆ ಮೊಸರು ಕಲಸಿ ಫ್ರಿಜ್ಜಿನಲ್ಲಿಟ್ಟರೆ ವಾರ ಬರುತ್ತದೆಯೇ ಎಂದು ಸೋದರಿಯರು ಕೇಳುತ್ತಲೇ ಇರುತ್ತಾರೆ. ಅಡಿಗೆಮನೆಯ ಹಿಟ್ಟು ಬೇಳೆಗೆ ಇರುವ ಎಚ್ಚರ ಮುಖಕ್ಕೆ ಹಚ್ಚುವ ವಸ್ತುಗಳಿಗೂ ಬೇಕು.

ನಮ್ಮ ಬುಕ್ಕಾಪಟ್ಟಣ, ಸಿರಾ ಕಡೆ ಮಳೆ ಕಮ್ಮಿ, ಬಿಸಿಲಿಗೇನೂ ಬರವಿಲ್ಲ. ಸೀಗೆಕಾಯಿ, ಅಂಟುವಾಳ, ಮೆಂತ್ಯ ಎಲ್ಲಾ ಬೇಸಿಗೆಯಲ್ಲೇ ಒಣಗಿಸಿಬಿಡಿ. ಚುಜ್ಜಲ ಸೊಪ್ಪನ್ನು ಮಾತ್ರ (ಕೆಲವರು ಚಿಗರೆ ಅಂತಾರೆ) ನೆರಳಿನಲ್ಲಿ ಒಣಗಿಸಿ. ಸೀಗೆಕಾಯಿ ಮುರಿದರೆ ಪಟ್ಟನೆ ಮುರಿಯಬೇಕು, ಬಾಗಿದರೆ ಇನ್ನೂ ಪಸೆ ಇದೆ ಅಂತ ತಿಳಿಯಿರಿ. ಗಿರಣಿಯಿಂದ ತಂದ ಪುಡಿ ಬಿಸಿಯಾಗಿರುತ್ತೆ. ಹಾಗೇ ತುಂಬಿ ಮುಚ್ಚಳ ಹಾಕಿದರೆ ಒಳಗೇ ಬೆವರಿ ಗಂಟು ಕಟ್ಟುತ್ತದೆ. ಹಳೇ ಸೀರೆಯ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ತುಂಬಿದರೆ ಒಂದು ವರ್ಷಕ್ಕೆ ಯೋಚನೆ ಇಲ್ಲ. ದೊಡ್ಡ ಡಬ್ಬಿಯನ್ನು ಬಚ್ಚಲುಮನೆಯಲ್ಲಿ ಇಡಬೇಡಿ, ಹಂಡೆಯ ಆವಿ ಬಡಿಯುತ್ತದೆ. ವಾರಕ್ಕಾಗುವಷ್ಟು ಮಾತ್ರ ಅಲ್ಲಿರಲಿ. ಒದ್ದೆ ಕೈ ಹಾಕುವವರನ್ನು ಗದರಿಸಿ, ಯಜಮಾನರಾದರೂ ಸರಿಯೆ!

ಅರಿಶಿನಕ್ಕೆ ಬೆಳಕು ಆಗುವುದಿಲ್ಲ. ಗಾಜಿನ ಭರಣಿಯನ್ನು ಕಿಟಕಿಯಲ್ಲಿಟ್ಟರೆ ಬಣ್ಣ ಮಾಸುತ್ತದೆ.

ನೀರೋ ಮೊಸರೋ ಬಿದ್ದ ಮೇಲೆ ಲೆಕ್ಕವೇ ಬೇರೆ. ಕಡಲೆಹಿಟ್ಟಿನ ಲೇಪ ದೋಸೆಹಿಟ್ಟಿನ ಹಾಗೆ ಹುಳಿ ಬರುತ್ತೆ. ಆ ಹೊತ್ತಿಗೆ ಬೇಕಾದಷ್ಟೇ ಕಲಸಿ. ಲೋಳೆಸರದ ತಿರುಳು ಫ್ರಿಜ್ಜಿನಲ್ಲಿ ಎರಡು ಮೂರು ದಿನ, ಅಷ್ಟೇ. ವಿಟಮಿನ್ ಇ ಗುಳಿಗೆ ಒಡೆದು ಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ ಎಂದು ಈಗ ಮೊಬೈಲಿನಲ್ಲಿ ಹೇಳುತ್ತಾರೆ. ಅದು ಎಣ್ಣೆ ಕಮಟಾಗುವುದನ್ನು ತಡ ಮಾಡುತ್ತದೆಯೇ ಹೊರತು ಬೂಷ್ಟನ್ನು ತಡೆಯುವುದಿಲ್ಲ.

ದಾಸವಾಳದ ಎಲೆ ಹಾಕಿ ಕಾಯಿಸುವ ಕೊಬ್ಬರಿ ಎಣ್ಣೆ ಚಟಪಟ ಸದ್ದು ನಿಲ್ಲುವತನಕ ಒಲೆಯ ಮೇಲಿರಲಿ. ಎಲೆಯ ನೀರು ಉಳಿದರೆ ಎಣ್ಣೆ ಬೇಗ ಕೆಡುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ್ದನ್ನು ಕೆಟ್ಟಿತು ಎನ್ನಬೇಡಿ. 24 ಡಿಗ್ರಿಗಿಂತ ಕೆಳಗೆ ಅದರ ಸ್ವಭಾವವೇ ಅದು. ಸೀಸೆಯನ್ನು ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದ್ದು ಕಾಡಿಗೆಯ ವಿಷಯ. ನಮ್ಮ ಬೀದಿಯ ಮದುವೆಮನೆಯೊಂದರಲ್ಲಿ ಒಂದೇ ಕಾಡಿಗೆ ಡಬ್ಬಿ ಐದು ಹೆಣ್ಣುಮಕ್ಕಳ ಕೈಗೆ ಹೋಯಿತು. ಒಬ್ಬಳಿಗೆ ಆಗತಾನೇ ಕಣ್ಣು ಬಂದಿತ್ತು, ಹೇಳಲಿಲ್ಲ. ಬೀಗರೂಟದ ಹೊತ್ತಿಗೆ ಮದುಮಗಳ ಕಣ್ಣು ಕೆಂಡದ ಹಾಗಾಗಿ, ರೆಪ್ಪೆ ಅಂಟಿಕೊಂಡು, ಪಾಪ, ಗಂಡನ ಮನೆಗೆ ಹೋದದ್ದೇ ಔಷಧಿ ಬಾಟಲಿ ಹಿಡಿದುಕೊಂಡು. ಕಾಡಿಗೆ ಒಬ್ಬರದು ಒಬ್ಬರಿಗೇ ಇರಲಿ. ತೆರೆದು ಮೂರು ತಿಂಗಳಾದರೆ ಎಸೆಯಿರಿ, ಕಣ್ಣು ಬಂದು ಹೋದರೆ ಅವತ್ತೇ ಎಸೆಯಿರಿ. ಹಸುಗೂಸಿನ ಕಣ್ಣಿಗಂತೂ ಹಚ್ಚಲೇಬೇಡಿ. ಕೆಲವು ಕಾಡಿಗೆ, ಸುರ್ಮಗಳಲ್ಲಿ ಸೀಸದ ಅಂಶವಿರುತ್ತದೆ, ಅದು ಮಗುವಿನ ಮಿದುಳಿಗೆ ವಿಷ. ಅತ್ತೆಯವರು ದೃಷ್ಟಿ ಎಂದರೆ ಅಂಗಾಲಿಗೆ ಒಂದು ಚುಕ್ಕೆ ಸಾಕು.

ಅಂಗಡಿಯ ಕ್ರೀಮಿನ ಮೇಲೆ ಇಂಥ ತಿಂಗಳೊಳಗೆ ಬಳಸಿ ಎಂದು ಮುದ್ರಿಸಿರುತ್ತಾರೆ. ಅದು ಮುಚ್ಚಳ ತೆರೆಯದ ಡಬ್ಬಿಯ ಮಾತು. ಮುಚ್ಚಳ ತೆರೆದಿರುವ ಡಬ್ಬಿಯ ಸಣ್ಣ ಚಿತ್ರದಲ್ಲಿ 12 ಎಂದಿದ್ದರೆ, ತೆರೆದ ಮೇಲೆ ಹನ್ನೆರಡು ತಿಂಗಳು. ತೆರೆದ ದಿನವನ್ನು ಒಂದು ಚೀಟಿಯಲ್ಲಿ ಬರೆದು ತಳಕ್ಕೆ ಅಂಟಿಸಿ.

ವರ್ಷ ದಾಟಿದ ಸೀಗೆಪುಡಿ ಬೂಷ್ಟು ಹಿಡಿದಿರದಿದ್ದರೆ ಚೆಲ್ಲಬೇಡಿ. ಹುಣಿಸೆಹಣ್ಣಿನ ಜೊತೆ ಸೇರಿಸಿ ಹಿತ್ತಾಳೆ ದೀಪ ತಿಕ್ಕಲು ಬಹಳ ಚೆನ್ನಾಗಿರುತ್ತೆ.