ಬಾಗಿ ನೋಡದವರಿಗೆ

"ವೈನೀ, ಮ್ಯಾಲ ಗಾಜು ಮುಚ್ಚಿದ ಮ್ಯಾಲ ಇದು ಯಾರಿಗೆ ಕಾಣಸ್ತದ?"

ಬೇಸಿಗೆ ರಜೆಗೆ ಬಂದಿದ್ದ ನನ್ನ ನಾದಿನಿ ಕೇಳಿದ ಪ್ರಶ್ನೆ. ನಾನಾಗ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿಕೊಂಡು, ಅವರೆಕಾಳಿನಷ್ಟು ದೊಡ್ಡ ಸೀಟಿಗೆ ಬೆಲ್ಟು ಅಂಟಿಸುತ್ತ ಕುಳಿತಿದ್ದೆ. ಮಗ ಕಾಲೇಜಿಗೆಂದು ಊರು ಬಿಟ್ಟಾಗ ಅಟ್ಟದ ಮೇಲೆ ಉಳಿಸಿಹೋದ ಸ್ಪಿಟ್‌ಫೈರ್ ವಿಮಾನದ ಕಿಟ್ ಅದು. ಅವಳ ಪ್ರಶ್ನೆಗೆ ಕೂಡಲೇ ಉತ್ತರ ಕೊಡಲಿಲ್ಲ. ಕೈಯಲ್ಲಿದ್ದ ಬೆಲ್ಟು ಸೀನಿದರೆ ಹಾರಿಹೋಗುವಂಥದ್ದು, ಬಾಯಿ ತೆರೆಯುವ ಹಾಗಿರಲಿಲ್ಲ. ಈಗ ಕೊಡುತ್ತೇನೆ.

ಮೊದಲು ಅಳತೆ ಹೇಳಿಬಿಡಬೇಕು. ಇದು 72ರಲ್ಲಿ ಒಂದು ಪಾಲಿನ ಮಾದರಿ. ಅಂದರೆ ಆರಡಿ ಆಳು ಇಲ್ಲಿ ಒಂದಿಂಚು. ಬ್ರಿಟನ್ನಿನಲ್ಲಿ 1930ರ ದಶಕದಲ್ಲಿಯೇ ಬಳಕೆಗೆ ಬಂದ ಅಳತೆ ಇದು. ಅಲ್ಲಿಯ ಏರ್‌ಫಿಕ್ಸ್ ಕಂಪನಿ 1953ರಲ್ಲಿ ಹೊರತಂದ ಮೊದಲ ವಿಮಾನದ ಕಿಟ್ ಕೂಡ ಇದೇ ಅಳತೆಯ ಸ್ಪಿಟ್‌ಫೈರ್. ರೆಕ್ಕೆಯ ತುದಿಯಿಂದ ತುದಿಗೆ ಅಳೆದರೆ ಹದಿನಾರು ಸೆಂಟಿಮೀಟರೂ ಇಲ್ಲ. ಪೈಲಟ್ಟಿನ ಎದುರಿನ ಒಂದೊಂದು ಗಡಿಯಾರ ರಾಗಿಕಾಳಿಗಿಂತ ದೊಡ್ಡದಲ್ಲ. ಹಳೆಯ ಕಿಟ್‌ಗಳಲ್ಲಿ ಸೀಟಿನ ಮೇಲೊಬ್ಬ ಪೈಲಟ್ ಬೊಂಬೆ ಕೂಡಿಸಿದರೆ ಕಾಕ್‌ಪಿಟ್ ಮುಗಿಯುತ್ತಿತ್ತು. ಉಳಿದದ್ದು ನಾವೇ ಮಾಡಿಕೊಳ್ಳಬೇಕು.

ಮಾಡುವುದು ಹೇಗೆ ಅಂತೀರಾ? ಬಿಡಿಭಾಗಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು ಮೆತ್ತಗಾದೊಡನೆ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಅದನ್ನು ಕತ್ತರಿಸಿದರೆ ಲಿವರುಗಳಾದವು. ಸ್ಪಿಟ್‌ಫೈರಿನ ಹಿಡಿಕೆಯ ತುದಿ ಬಳೆಯಂತೆ ದುಂಡಗಿರುತ್ತದೆ. ಸೂಜಿಗೆ ತೆಳು ತಾಮ್ರದ ತಂತಿ ಸುತ್ತಿ ತೆಗೆದರೆ ಆ ಬಳೆ ಸಿದ್ಧ. ಬೆಲ್ಟು ಎಂದರೆ ಒಂದು ಮಿಲಿಮೀಟರ್ ಅಗಲಕ್ಕೆ ಸೀಳಿದ ಕಾಗದದ ಟೇಪು. ಗಡಿಯಾರದ ಹಲಗೆಗೆ ಮೊದಲು ಬಿಳಿ, ಮೇಲೆ ಕಪ್ಪು ಬಣ್ಣ. ಒಣಗಿದ ಮೇಲೆ ಸೂಜಿಮೊನೆಯಿಂದ ಕೆರೆದರೆ ಮುಳ್ಳು ಮೂಡುತ್ತದೆ. ಒಳಗೋಡೆಗೆ ಬೂದು ಬೆರೆತ ಹಸಿರು. ಕೊನೆಗೆ ಗಾಜು ಕೂಡಿಸಲು ಫೆವಿಕಾಲೇ ವಾಸಿ, ಗಬಕ್ಕನೆ ಹಿಡಿಯುವ ಆ ಇನ್ನೊಂದು ಅಂಟಿನ ಹಬೆಗೆ ಗಾಜು ಮಬ್ಬಾಗುತ್ತದೆ. ನನ್ನ ಮೊದಲ ವಿಮಾನದ ಗಾಜು ಹೋಗಿದ್ದು ಹಾಗೆಯೇ.

ಇಷ್ಟನ್ನೂ ನನಗೆ ಕಲಿಸಿದವಳು ಒಂಬತ್ತನೆಯ ಇಯತ್ತೆಯ ಹುಡುಗಿ. ಕಲಿಯುವ ಮೊದಲು ನಾನು ಅವಳಿಗೆ ಮಾಡಿದ್ದು ಅನ್ಯಾಯ.

ನಾಲ್ಕು ವರ್ಷದ ಕೆಳಗೆ, ನಾನಾಗ ಇದ್ದ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅವಳು ಇಂಥದೇ ಸ್ಪಿಟ್‌ಫೈರ್ ಮಾಡುತ್ತಿದ್ದಳು. ಒಳಗಿನ ಕೆಲಸಕ್ಕೇ ಹದಿನೈದು ದಿನ ಹಿಡಿಯಿತು. "ಒಳಗಿಂದು ಬಿಡವಾ, ಹೊರಗಿನ ಬಣ್ಣ ಚೆಂದ ಹಚ್ಚು, ಜಡ್ಜ್ ನೋಡೂದು ಅದನ್ನ," ಎಂದು ಉಪದೇಶ ಮಾಡಿದವಳು ನಾನು. ಹುಡುಗಿ ಬಿಡಲಿಲ್ಲ. ಪ್ರದರ್ಶನದ ದಿನ ತೀರ್ಪುಗಾರರು ಬಂದರು, ನಿಂತಲ್ಲಿಂದಲೇ ನೋಡಿ "ಆಟಿಗೆ ಸಾಮಾನು" ಎಂದರು, ಮುಂದೆ ಹೋದರು. ಬಹುಮಾನ ಬಲ್ಬು ಮಿಣುಕುವ ಥರ್ಮೋಕೋಲ್ ರಾಕೆಟ್ಟಿಗೆ. "ಟೀಚರ್, ಅವರು ಬಾಗಿ ನೋಡಲೇ ಇಲ್ರೀ," ಎಂದಳು. ಆಗ ನಾನು ಬಾಗಿ ನೋಡಿದೆ. ಅದೇ ಮೊದಲ ಸಲ. ಸೀಟಿನ ಮೇಲೆ ಪೈಲಟ್ ಇರಲಿಲ್ಲ, ಅಕ್ಕಿಕಾಳಿನ ಅರ್ಧದಷ್ಟು ಒಂದು ಪುಸ್ತಕವಿತ್ತು.

ಏನು ಆ ಪುಸ್ತಕ? ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಕಾರ್ಖಾನೆಗಳಿಂದ ವಿಮಾನ ನಿಲ್ದಾಣಗಳಿಗೆ ಯುದ್ಧವಿಮಾನ ಮುಟ್ಟಿಸುತ್ತಿದ್ದ ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ ಎಂಬ ಸಂಸ್ಥೆಯಿತ್ತು. 1940ರ ಜನವರಿಯಲ್ಲಿ ಎಂಟು ಹೆಂಗಸರು ಸೇರಿದರು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿ ವಿಮಾನ ಹಾರಿಸಿದ ಹೆಂಗಸರು 160ಕ್ಕೂ ಹೆಚ್ಚು. ರೇಡಿಯೋ ಇಲ್ಲದೆ, ಹಿಂದೆ ಎಂದೂ ಹತ್ತದ ವಿಮಾನವನ್ನೂ ಒಂದು ಕಿರುಪುಸ್ತಕದ ಟಿಪ್ಪಣಿ ನೋಡಿಕೊಂಡು ಹಾರಿಸುತ್ತಿದ್ದರು. 1943ರಿಂದ ಗಂಡಸರಷ್ಟೇ ಸಂಬಳ ಪಡೆದರು. ಹುಡುಗಿ ಇಟ್ಟಿದ್ದು ಆ ಪುಸ್ತಕ. "ಚೀಟಿಯೊಳಗ ಯಾಕ ಬರೀಲಿಲ್ಲ?" ಎಂದು ಗದರಿದೆ. "ಕೇಳಿದ್ರ ಹೇಳ್ತಿದ್ನಲ್ರೀ," ಅಂದಳು.

ಅಂದಿನಿಂದ "ಯಾರಿಗೆ ಕಾಣಸ್ತದ" ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಈ ಹವ್ಯಾಸದಲ್ಲಿ ನುರಿತವರೂ ಹೇಳುವುದುಂಟು: ಒಳಗೆ ಕಪ್ಪು ಬಳಿದು ಮುಚ್ಚಿಬಿಡಿ, ಆ ಸಮಯದಲ್ಲಿ ಇನ್ನೊಂದು ವಿಮಾನ ಆಗುತ್ತದೆ. ಒಪ್ಪಿದೆ, ಪ್ಲಾಸ್ಟಿಕ್ ಗಾಜು ದಪ್ಪ, ಒಳಗಿನದು ಅರ್ಧಕ್ಕರ್ಧ ವಕ್ರವಾಗಿ ಕಾಣುತ್ತದೆ. ಆದರೆ ಇಡೀ ವಿಮಾನದಲ್ಲಿ ಮನುಷ್ಯಳೊಬ್ಬಳು ಕೂಡುವ ಜಾಗ ಅದೊಂದೇ. ಅಲ್ಲಿ ಕತ್ತಲೆ ತುಂಬಿಟ್ಟು ರೆಕ್ಕೆಗೆ ಎಷ್ಟು ಬಣ್ಣ ಬಳಿದರೇನು? ಇನ್ನು ಝೆಕ್ ದೇಶದಿಂದ ಬರುವ, ಬಣ್ಣ ಹಚ್ಚಿಯೇ ಇರುವ ಹಿತ್ತಾಳೆಯ ಹಲಗೆ ಕೊಂಡು ಅಂಟಿಸುವವರು. ಅವರ ಮೇಲೆ ನನಗೆ ತಕರಾರಿಲ್ಲ, ಆ ಹಲಗೆ ಚೆಂದವೇ ಇರುತ್ತದೆ. ಟೇಪು ಸೀಳಿದವಳನ್ನು ನೋಡಿ ನಗಬಾರದು, ಅಷ್ಟೇ.

ನನ್ನ ನಾದಿನಿ ಕಸೂತಿಯಲ್ಲಿ ಎತ್ತಿದ ಕೈ. ಗವಂತಿ, ಮುರ್ಗಿ ಹಾಕಿದರೆ ಗಂಟಿಲ್ಲದೆ, ಎರಡೂ ಮಗ್ಗುಲು ಒಂದೇ ಸಮ. ಬೇರೆಯವರ ಇಳಕಲ್ ಸೀರೆಯ ಸೆರಗು ಸಿಕ್ಕರೆ ಮೊದಲು ತಿರುವಿ ಹಿಂಬದಿ ನೋಡುವವಳು ಅವಳೇ. ಉಟ್ಟ ಮೇಲೆ ಹಿಂಬದಿ ಯಾರಿಗೆ ಕಾಣಸ್ತದವಾ ಎಂದು ನಾನೂ ಕೇಳಿದೆ. "ಅದು ಬ್ಯಾರೆ," ಅಂದಳು. ಹೇಗೆ ಬ್ಯಾರೆ ಎಂಬುದನ್ನು ಇನ್ನೂ ಹೇಳಿಲ್ಲ. ಆದರೆ ಮರುದಿನ ಚಹಾ ತಂದಿಟ್ಟವಳು ಕನ್ನಡಕ ಏರಿಸಿ ಬಗ್ಗಿ ಒಂದು ಗಳಿಗೆ ಒಳಗೆ ನೋಡಿದಳು. "ಎಡಗಡೆ ಬೆಲ್ಟ್ ಸ್ವಲ್ಪ ಸೊಟ್ಟ ಆಗೇದ," ಎಂದಳು. ನಿಜ, ಆಗಿತ್ತು. ಬಿಚ್ಚಿ ಮತ್ತೆ ಅಂಟಿಸಿದೆ.

ಆ ಹುಡುಗಿ ಈಗ ಡಿಪ್ಲೊಮಾ ಓದುತ್ತಿದ್ದಾಳೆ. ಮೊನ್ನೆ ಬಂದವಳ ಕೈಯಲ್ಲಿ 144ರಲ್ಲಿ ಒಂದು ಪಾಲಿನ ಕಿಟ್ ಇತ್ತು. ಅದರಲ್ಲಿ ಗಡಿಯಾರ ಎಂದರೆ ಅರ್ಧ ಮಿಲಿಮೀಟರ್. ಇಬ್ಬರೂ ಕೂಡಿ ಮಾಡೋಣ ಎಂದಿದ್ದಾಳೆ. ನಾನು ಮೊದಲು ಕನ್ನಡಕದ ನಂಬರು ಬದಲಿಸಿಕೊಂಡು ಬರಬೇಕು.