ಮೋಸಹೋದವರೇ ಅಪರಾಧಿಗಳೇ?

ಅಂತರ್ಜಾಲದಲ್ಲಿ ಹಳೆಯ ಸಾಮಾನು ಮಾರಲು ಹೋಗಿ ಹಣ ಕಳೆದುಕೊಂಡವರ ಸುದ್ದಿ ಬಂದಾಗಲೆಲ್ಲ ನಮ್ಮ ನಾಲಗೆಯ ತುದಿಯಲ್ಲಿ ಒಂದು ಗಾದೆ ಸಿದ್ಧವಾಗಿರುತ್ತದೆ: ಅತಿಯಾಸೆ ಗತಿಗೇಡು. ದೇವಾಲಯದ ಅಂಗಳದಲ್ಲೂ ಇದೇ ಮಾತು, ಒಮ್ಮೊಮ್ಮೆ ಪ್ರಬೋಧನೆಯಲ್ಲೂ ಇದೇ ಮಾತು. ಪ್ರಿಯ ವಾಚಕರೇ, ಈ ತೀರ್ಪು ಅನ್ಯಾಯದ್ದು ಮಾತ್ರವಲ್ಲ, ಅಪಾಯಕಾರಿಯೂ ಹೌದು.

ಅಪರಿಚಿತರು ಅಪರಿಚಿತರೊಡನೆ ಅಂತರ್ಜಾಲದಲ್ಲಿ ವ್ಯಾಪಾರ ಮಾಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 1995ರಲ್ಲಿ ಅಮೆರಿಕದಲ್ಲಿ ಆರಂಭವಾದ ಈಬೇ ಹರಾಜು ತಾಣ. ಅದರ ಭಾರತೀಯ ತಾಣ 2018ರಲ್ಲಿ ಮುಚ್ಚಿತು. ಇಂದು ನಮ್ಮವರು ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗಳಂಥ ತಾಣಗಳನ್ನು ಬಳಸುತ್ತಾರೆ. ಮಗಳ ಕಾಲೇಜು ಶುಲ್ಕಕ್ಕಾಗಿ ತಾಯಿಯೊಬ್ಬಳು ಅಲ್ಲಿ ತನ್ನ ಹೊಲಿಗೆ ಯಂತ್ರವನ್ನು ಮಾರಾಟಕ್ಕಿಟ್ಟಳೆನ್ನಿ. ಕೂಡಲೇ ಕರೆ ಬರುತ್ತದೆ. ತಾನು ಸೈನಿಕನೆಂದು ಹೇಳುವ ಆತ ಸಮವಸ್ತ್ರದ ಚಿತ್ರವಿರುವ ಗುರುತಿನ ಚೀಟಿಯನ್ನೂ ಕಳುಹಿಸುತ್ತಾನೆ. ಚೌಕಾಸಿ ಮಾಡುವುದಿಲ್ಲ. ನಂಬಿಕೆ ಹುಟ್ಟಿಸಲು ಮೊದಲು ಹತ್ತು ರೂಪಾಯಿ ಹಾಕುತ್ತಾನೆ. ಬಳಿಕ ಒಂದು ಕ್ಯೂಆರ್ ಕೋಡ್ ಕಳುಹಿಸಿ, ‘ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹಣ ಬರುತ್ತದೆ’ ಎನ್ನುತ್ತಾನೆ. ಹಣ ಬರುವುದಿಲ್ಲ, ಹೋಗುತ್ತದೆ.

ಇಲ್ಲಿ ಅತಿಯಾಸೆ ಎಲ್ಲಿದೆ? ಆಕೆ ಕೇಳಿದ್ದು ತನ್ನ ವಸ್ತುವಿನ ನ್ಯಾಯವಾದ ಬೆಲೆಯನ್ನು. ಗೌರವಿಸಿದ್ದು ಒಬ್ಬ ಸೈನಿಕನ ಮಾತನ್ನು. ಕಳ್ಳನು ಬಳಸಿಕೊಂಡದ್ದು ಆಕೆಯ ದುರಾಸೆಯನ್ನಲ್ಲ, ಸದ್ಗುಣವನ್ನು. ಯುಪಿಐಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹಣದ ಕೋರಿಕೆ ಕಳುಹಿಸುವ ಸೌಲಭ್ಯವನ್ನು ವಂಚನೆಯ ಕಾರಣದಿಂದಲೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ತಪ್ಪೆಲ್ಲ ಮೋಸಹೋದವರದೇ ಆಗಿದ್ದರೆ ಆ ಬಾಗಿಲನ್ನು ಮುಚ್ಚುವ ಅಗತ್ಯವೇನಿತ್ತು? ಆದರೆ ಕ್ಯೂಆರ್ ಕೋಡಿನ ಬಾಗಿಲು ತೆರೆದೇ ಇದೆ.

ಅರ್ಧ ಬೆಲೆಯ ಲ್ಯಾಪ್‌ಟಾಪ್‌ಗೆ ಮುಂಗಡ ಕಟ್ಟಿ ಮೋಸಹೋದವರೂ ಇದ್ದಾರಲ್ಲ ಎನ್ನುವಿರಿ. ಇದ್ದಾರೆ. ಆದರೆ ಬಡ ವಿದ್ಯಾರ್ಥಿ ಅಗ್ಗದ ವಸ್ತುವನ್ನು ಹುಡುಕುವುದು ಪಾಪವಲ್ಲ. ಅವನ ಅವಸರವು ಕಳ್ಳನ ಅಪರಾಧವನ್ನು ಕಿಂಚಿತ್ತೂ ತಗ್ಗಿಸುವುದಿಲ್ಲ.

ಜೆರುಸಲೇಮಿನಿಂದ ಜೆರಿಕೋವಿಗೆ ಹೊರಟು ಕಳ್ಳರ ಕೈಗೆ ಸಿಕ್ಕವನನ್ನು ನೆನೆಯಿರಿ. ಆ ದಾರಿಯಲ್ಲಿ ಒಂಟಿಯಾಗಿ ಏಕೆ ಬಂದೆ ಎಂದು ಸಮಾರಿಯದವನು ವಿಚಾರಣೆ ನಡೆಸಲಿಲ್ಲ; ಮೊದಲು ಗಾಯ ಕಟ್ಟಿದ. ನೋಡಿಯೂ ನೋಡದಂತೆ ಮೊದಲು ಹಾದುಹೋದವನು ಯಾಜಕನೆಂಬುದನ್ನು ನಾವು ಗುರುಗಳು ಮರೆಯಬಾರದು.

ನಮ್ಮ ತೀರ್ಪು ಅಪಾಯಕಾರಿಯಾಗುವುದು ಹೀಗೆ: ನಗೆಪಾಟಲಿಗೆ ಹೆದರಿದವರು ಮನೆಯವರಿಗೂ ಹೇಳದೆ ಬಾಯಿ ಮುಚ್ಚುತ್ತಾರೆ. ಕದ್ದ ಹಣವಾದರೋ ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶವಿದೆ. ತಡವಾದಷ್ಟೂ ಆ ಅವಕಾಶ ಕ್ಷೀಣಿಸುತ್ತದೆ. ನಮ್ಮ ಗಾದೆ ಕಳ್ಳನಿಗೆ ಸಮಯ ಕೊಡುತ್ತದೆ.

ಪಾಪದ ಮಾತನ್ನು ಆಡಲೇಬೇಕಾದರೆ ಅದು ಇರುವ ಕಡೆ ಆಡೋಣ. ಕಮಿಷನ್ನಿನ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನೂ ಸಿಮ್ ಕಾರ್ಡನ್ನೂ ಅಪರಿಚಿತರಿಗೆ ಒಪ್ಪಿಸುವ ಯುವಕರಿದ್ದಾರೆ. ಕದ್ದ ಹಣ ಹರಿಯುವುದು ಇಂಥ ಖಾತೆಗಳ ಮೂಲಕವೇ. ‘ನಾನೇನೂ ಕದ್ದಿಲ್ಲ’ ಎಂಬ ಸಮಜಾಯಿಷಿ ಏಳನೆಯ ಕಟ್ಟಳೆಯ ಮುಂದೆ ನಿಲ್ಲದು. ಹಳೆಯ ಬೈಕಿನ ದೋಷವನ್ನು ಮುಚ್ಚಿಟ್ಟು ಮಾರುವವನೂ ಅದೇ ಕಟ್ಟಳೆಗೆ ಉತ್ತರ ಹೇಳಬೇಕು.

ಆದ್ದರಿಂದ ಪ್ರತಿ ಮನೆಯಲ್ಲೂ ಕೆಲವು ಮಾತುಗಳು ರೂಢಿಯಾಗಲಿ. ಹಣ ಪಡೆಯಲು ಪಿನ್ ಬೇಕಿಲ್ಲ. ವಸ್ತುವನ್ನು ಕಣ್ಣಾರೆ ಕಾಣದೆ ಮುಂಗಡ ಕೊಡಬಾರದು. ‘ತಪ್ಪಿ ಹೆಚ್ಚು ಹಣ ಕಳುಹಿಸಿದ್ದೇನೆ, ಹಿಂದಿರುಗಿಸಿ’ ಎಂದು ಯಾರಾದರೂ ಕೇಳಿದರೆ ಬಂದ ಸಂದೇಶವನ್ನು ನಂಬದೆ ಖಾತೆಯನ್ನೇ ಪರಿಶೀಲಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮೋಸಹೋದವರು ನಮ್ಮ ಬಳಿ ಬಂದರೆ ಅವರಿಗೆ ಮೊದಲು ಸಿಗಬೇಕಾದದ್ದು ಉಪದೇಶವಲ್ಲ, 1930ಕ್ಕೆ ಕರೆ ಮಾಡಲು ಒಂದು ಸಹಾಯಹಸ್ತ.